ದಾಕ್ಷಿಣ್ಯವಿಲ್ಲದ ಮಿಷನ್ನು

ನಮ್ಮತ್ತೆಯ ಹೆಸರು ದಾಕ್ಷಾಯಣಮ್ಮ. ಅವರ ಬೆನ್ನ ಹಿಂದೆ ನಾವು ದಾಕ್ಷಿಣ್ಯಮ್ಮ ಎನ್ನುತ್ತಿದ್ದೆವು. ಯಾರ ಮುಖಕ್ಕೂ ಇಲ್ಲ ಎಂದವರಲ್ಲ. ಬೀಗರ ಮನೆಯಲ್ಲಿ ಉಪ್ಪಿಲ್ಲದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡು ಬಂದವರು. ಇಂಥವರ ಜೊತೆ ಬಾಳುವುದು ಸುಲಭ ಎಂದುಕೊಂಡರೆ ಬಂದು ಒಂದು ವಾರ ಇದ್ದು ನೋಡಿ. ಅವರ ಕಾಫಿಗೆ ಎಷ್ಟು ಸಕ್ಕರೆ ಹಾಕಬೇಕೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂಟಿಕೊಪ್ಪಲಿನ ನಮ್ಮ ಬೀದಿಯ ಹೆಂಗಸರ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವುದು ಅವರ ಕೆಲಸ. ಮಾವ ತೀರಿಕೊಂಡ ಮೇಲೆ ಅವರನ್ನು ಗಟ್ಟಿಯಾಗಿ ಉಳಿಸಿದ್ದು ಅದೇ. ಎರಡು ಸಾವಿರದ ಒಂದರಲ್ಲಿ ಕಣ್ಣು ಕೈಕೊಟ್ಟಿತು. ಹೊಸ ಕನ್ನಡಕ ಹಾಕಿದರೂ ತಲೆನೋವು, ಎಳೆಯೆಲ್ಲ ಮಂಜು. "ಒಪ್ಕೊಂಡಿರೋ ಸೀರೆಗಳನ್ನ ವಾಪಸ್ ಕೊಟ್ಬುಡು ಕಣಮ್ಮ, ಇನ್ನು ನನ್ನ ಕೈಲಾಗಲ್ಲ" ಎಂದರು. ನನಗೆ ಭಯವಾಯಿತು. ಸುಮ್ಮನೆ ಕೂತ ದಾಕ್ಷಾಯಣಮ್ಮನನ್ನು ನಾನು ಕಂಡಿರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ.

ಕನ್ನಡಕದಂಗಡಿಯ ಮಹದೇವಯ್ಯನವರು ನಾನು ಈ ಮನೆಗೆ ಬರುವ ಮುಂಚಿನಿಂದಲೂ ಅತ್ತೆಯ ಕಣ್ಣು ನೋಡುತ್ತಿದ್ದವರು. ಗಿರಾಕಿಗಳು ಕೇಳುತ್ತಾರೆಂದು ಆ ವರ್ಷ ಒಂದು ಮಿಷನ್ ತರಿಸಿ, 'ಕಂಪ್ಯೂಟರ್ ಕಣ್ಣಿನ ಪರೀಕ್ಷೆ' ಎಂದು ಬೋರ್ಡು ಬರೆಸಿದ್ದರು. ಆದರೆ ಅದರ ಮೇಲೆ ಅವರಿಗೇ ನಂಬಿಕೆಯಿರಲಿಲ್ಲ. ಅದು ಕೊಟ್ಟ ಚೀಟಿಯನ್ನು ಡ್ರಾಯರಿಗೆ ಹಾಕಿ, ಹಳೆಯ ರೀತಿಯಲ್ಲೇ ಗಾಜು ಬದಲಿಸುತ್ತಾ, ಗಿರಾಕಿಯ ಬಾಯಿಂದ ಬಂದ ಉತ್ತರ ಕೇಳಿಯೇ ನಂಬರ್ ಬರೆಯುತ್ತಿದ್ದರು.

ನಾನು ಅತ್ತೆಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಅವರು ಮಿಷನ್ನಿನ ಮೇಲೆ ಗದ್ದವಿಟ್ಟು ಕೂತರು.

"ಇದಕ್ಕೆ ನಾನೇನು ಹೇಳ್ಬೇಕು?"

"ಏನೂ ಹೇಳ್ಬೇಡಿ ಅಮ್ಮಾ, ಅದೇ ತಿಳ್ಕೊಳ್ಳುತ್ತೆ," ಎಂದರು ಮಹದೇವಯ್ಯ.

ಚೀಟಿ ಬಂತು. ಅದನ್ನು ನೋಡಿ ಮಹದೇವಯ್ಯನವರ ಮುಖ ಸಣ್ಣದಾಯಿತು. ಹಿಂದೆ ಅವರು ಕೊಟ್ಟಿದ್ದ ನಂಬರಿಗೂ ಇದಕ್ಕೂ ತಾಳಮೇಳವೇ ಇರಲಿಲ್ಲ.

"ಮಿಷನ್ನೇ ಎಡವಟ್ಟು ಕಣ್ರೀ. ಹೋದ ಸಲ ನೀವೇ ಅಲ್ವಾ ಹೇಳಿದ್ದು, ಎಲ್ಲಾ ಚೆನ್ನಾಗಿ ಕಾಣುತ್ತೆ ಅಂತ?"

ಅತ್ತೆ ಸೆರಗಿನ ತುದಿ ತಿರುವುತ್ತಾ ಕೂತರು. ಹೌದೆಂದು ಎದ್ದು ಬಂದಿದ್ದರೆ ತಪ್ಪೆಲ್ಲ ಮಿಷನ್ನಿನ ತಲೆಗೆ ಹೋಗುತ್ತಿತ್ತು. ಕುಚ್ಚಿನ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು.

"ಅದರದ್ದೇನೂ ತಪ್ಪಿಲ್ಲ ಸ್ವಾಮಿ," ಎಂದರು ಕೊನೆಗೆ. "ನೀವು ಅಷ್ಟೊತ್ತು ನಿಂತ್ಕೊಂಡು ಗಾಜು ಹಾಕಿ ಹಾಕಿ ಕೇಳ್ತಿದ್ರಿ. ಕಾಣಲ್ಲ ಅಂತ ಹೆಂಗೆ ಅನ್ನೋದು? ಪಾಪ ಅನ್ನಿಸೋದು. ಕಾಣುತ್ತೆ ಅಂದ್ಬುಡ್ತಿದ್ದೆ."

ಮಹದೇವಯ್ಯನವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಚೀಟಿಯಲ್ಲಿದ್ದ ನಂಬರಿನ ಗಾಜುಗಳನ್ನು ಹಾಕಿ, ಅತ್ತೆಯ ಕುರ್ಚಿಯ ಹಿಂದೆ ಹೋಗಿ ನಿಂತರು.

"ಅದು ಹೇಳಿದ್ದು ಇಷ್ಟು. ಮಿಕ್ಕಿದ್ದು ನೀವು ಹೇಳಿ. ನನ್ನ ಮುಖ ನೋಡ್ಬೇಡಿ, ಅಕ್ಷರ ನೋಡಿ."

"ಎಡಗಣ್ಣು ಸರಿಯಾಗಿದೆ. ಬಲಗಣ್ಣು," ಎಂದು ಅತ್ತೆ ತಡೆದರು, "ಅಷ್ಟು ಚೆನ್ನಾಗಿಲ್ಲ."

ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಹದೇವಯ್ಯನವರು ಹಿಂದಿನಿಂದಲೇ ಒಂದು ಗಾಜು ಬದಲಿಸಿದರು. ಈಗ ಕಾಣುತ್ತದೆ ಎಂದರು ಅತ್ತೆ, ನಿಜವಾಗಿ. ಅಂದಿನಿಂದ ಆ ಅಂಗಡಿಯಲ್ಲಿ ಮೊದಲು ಮಿಷನ್ನು, ಆಮೇಲೆ ಗಿರಾಕಿಯ ಮಾತು.

ಹೊಸ ಕನ್ನಡಕ ಬಂದ ದಿನ ಎದುರು ಮನೆಯ ಅಂಬುಜಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಕಣ್ಣು ಮಂಜಾಗಿದ್ದಾಗ ಅತ್ತೆಯೇ ಕುಚ್ಚು ಕಟ್ಟಿಕೊಟ್ಟ ಸೀರೆ. ಅತ್ತೆ ಸೆರಗು ಹಿಡಿದು ನೋಡಿದರು. ಗಂಟುಗಳು ಒಂದು ಮೇಲೆ, ಒಂದು ಕೆಳಗೆ.

"ಅಂಬುಜಾ, ಇದು ತುಂಬಾ ಚೆನ್ನಾಗಿದೆ ಅಂದಿದ್ಯಲ್ಲೇ?"

ಅಂಬುಜಮ್ಮ ತಲೆಯೆತ್ತಿ ಫ್ಯಾನ್ ನೋಡಿದರು. "ನಿಮಗೆ ಬೇಜಾರಾಗುತ್ತಲ್ಲ ಅಂತ ಅಕ್ಕಾ."

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಮ್ಮದೊಂದು ಸೀರೆ ಕೊಟ್ಟು, ಅಂಬುಜಮ್ಮನ ಸೀರೆ ಬಿಚ್ಚಿಸಿಕೊಂಡು, ಗಂಟುಗಳನ್ನೆಲ್ಲ ಬಿಡಿಸಿ ಮೊದಲಿನಿಂದ ಕಟ್ಟಲು ಕೂತರು.