ಬಂಟ್ವಾಳ–ಮೂಡುಬಿದಿರೆ ರೂಟಿಗೆ ಟರ್ಬೈನ್ ಬಸ್ಸು

ಮೊನ್ನೆ ತುಕ್ಕು ಹಿಡಿದ ಬೀಗಕ್ಕೆ ಎರಡು ತೊಟ್ಟು ಚಿಮಿಣಿ ಎಣ್ಣೆ, ಅದೇ ಸೀಮೆಎಣ್ಣೆ, ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಸ್ಸಿನ ಡ್ರೈವರಣ್ಣ ನೆನಪಾದರು. ಅರವತ್ತರ ದಶಕದ ಆರಂಭದಲ್ಲಿ ನಾನು ಬಂಟ್ವಾಳದಿಂದ ಮೂಡುಬಿದಿರೆಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲೇ. ಎಂಜಿನ್ ಒರೆಸಿ ಒರೆಸಿ ಅವರ ಕೈಗೆ ಸದಾ ಅದೇ ವಾಸನೆ.

ಅವರಿಗೆ ಟರ್ಬೈನ್ ಹುಚ್ಚು. ವಿದೇಶದಲ್ಲಿ ವಿಮಾನದ ಎಂಜಿನ್ನಿನಂಥದ್ದನ್ನು ಕಾರಿಗೆ ಕೂರಿಸಿದ್ದಾರೆಂದು ಯಾವುದೋ ವಾರಪತ್ರಿಕೆಯಲ್ಲಿ ನೋಡಿ, ಆ ಚಿತ್ರವನ್ನು ಸ್ಟಿಯರಿಂಗಿನೆದುರು ದೇವರ ಪಟದ ಪಕ್ಕದಲ್ಲೇ ಅಂಟಿಸಿದ್ದರು.

“ಪಿಸ್ಟನ್ನೇ ಇಲ್ಲ ಟೀಚರೇ! ಬಿಸಿ ಗಾಳಿಗೆ ಚಕ್ರ ತಿರುಗುವುದು ಮಾತ್ರ. ಚಿಮಿಣಿ ಎಣ್ಣೆಯಲ್ಲೂ ಓಡ್ತದೆ, ತೆಂಗಿನೆಣ್ಣೆಯಲ್ಲೂ ಓಡ್ತದೆ.”

ಬಸ್ಸಿನ ಧಣಿಗಳು ಆಗ ಹೊಸ ಬಸ್ಸು ಕೊಳ್ಳುವ ಅಂದಾಜಿನಲ್ಲಿದ್ದರು. ಟರ್ಬೈನಿನದ್ದೇ ತರಿಸಿ ಎಂದು ಇವರು ಅವರ ಜೀವ ತಿಂದರು. ಧಣಿಗಳೂ ವಿಚಾರಿಸದೆ ಬಿಡುವವರಲ್ಲ.

“ಅದು ಸುಮ್ಮನೆ ನಿಂತರೂ ಗಟಗಟ ಎಣ್ಣೆ ಕುಡಿತದಂತೆ ಮಾರಾಯ. ನಮ್ಮ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಒಂದು ದಿನ ಸ್ಟಾಪಿನಲ್ಲಿ ಮಾತ್ರ ನಿಲ್ಲಿಸಿ ಮೂಡುಬಿದಿರೆಗೆ ಮುಟ್ಟಿಸು ನೋಡುವ. ಆ ದಿನವೇ ಕಂಪೆನಿಗೆ ಬರೆಯುವ.”

ಮರುದಿನ ಧಣಿಗಳು ಮುಂದಿನ ಸೀಟಿನಲ್ಲಿ ಕುಳಿತರು. ಡ್ರೈವರಣ್ಣ ಮುಖ ಗಂಟು ಹಾಕಿಕೊಂಡು ಹೊರಟರು. ಹಲಸಿನಕಾಯಿ ಹೊತ್ತು ಓಡಿಬಂದ ಅಜ್ಜಿಯನ್ನು ಕಂಡೂ ಕಾಣದ ಹಾಗೆ ದಾಟಿದರು. ಮನೆ ಮುಂದೆಯೇ ಇಳಿಯುವ ಅಭ್ಯಾಸದ ಶಾನುಭೋಗರು ಒಂದು ಮೈಲಿ ಆಚೆ ಇಳಿದು, ಇವರ ವಂಶವನ್ನೆಲ್ಲ ಜಾಲಾಡಿದರು. ನನಗೆ ಪಾಪ ಅನಿಸಿದರೂ, ಡ್ರೈವರಣ್ಣನೇ ಗೆಲ್ಲಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೆ.

ಸಿದ್ಧಕಟ್ಟೆ ದಾಟಿದ ಮೇಲೆ ಅವರ ಮನೆ. ಹೆಂಡತಿ ದಿನವೂ ಹಿಡಿಕೆಯ ತೂಕುಪಾತ್ರೆಯಲ್ಲಿ ಗಂಜಿ ಹಿಡಿದು ರಸ್ತೆಬದಿಯಲ್ಲಿ ಕಾಯುತ್ತಿದ್ದರು. ಅಂದು ಬಸ್ಸು ಬೇಗ ಬಂದದ್ದರಿಂದ ಇನ್ನೂ ಅಂಗಳದಲ್ಲೇ ಇದ್ದರು. ಡ್ರೈವರಣ್ಣ ಹಾರ್ನ್ ಹೊಡೆದು ದಾಟಿಯೇಬಿಟ್ಟರು... ಹತ್ತು ಮಾರು ಹೋದದ್ದೇ, ಬ್ರೇಕ್. ಆಮೇಲೆ ರಿವರ್ಸ್!

“ಗಂಜಿ ಈಗಷ್ಟೇ ಇಳಿಸಿದ್ದು, ಸುಡ್ತಾ ಉಂಟು. ಸ್ವಲ್ಪ ಆರಲಿ,” ಎಂದರು ಆಕೆ.

ಎಂಜಿನ್ ಗುರುಗುಟ್ಟುತ್ತಾ ನಿಂತಿತು. ಗಂಜಿ ಆರುವವರೆಗೂ ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಟರ್ಬೈನ್ ಒಳ್ಳೆಯದೇ ಟೀಚರೇ... ಇವಳನ್ನು ಬಿಟ್ಟು ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ.” ಡ್ರೈವರಣ್ಣ ನಗುತ್ತಲೇ ಹೇಳಿದರು. ಆದರೆ ಆ ಚಿತ್ರವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವಾಗ ಅವರ ಮುಖ ನೋಡಲಾಗಲಿಲ್ಲ.

ಕೊನೆಗೆ ಬಂದದ್ದು ಡೀಸೆಲ್ ಬಸ್ಸೇ. ಅದನ್ನೂ ಅವರು ಕೈ ಎತ್ತಿದವರಿಗೆಲ್ಲ ನಿಲ್ಲಿಸುತ್ತಲೇ ಓಡಿಸಿದರು. ಅವರು ತೀರಿಹೋಗಿ ಎಷ್ಟೋ ವರ್ಷಗಳಾದವು...

ಕಳೆದ ವಾರ ಮೂಡುಬಿದಿರೆಗೆ ಹೊರಟು ಮನೆಯೆದುರು ಕೈ ಎತ್ತಿದೆ. ಎಕ್ಸ್‌ಪ್ರೆಸ್ ಬಸ್ಸು ಧೂಳೆಬ್ಬಿಸಿ ಹೊರಟೇ ಹೋಯಿತು. ಹಿಂದಕ್ಕೆ ಬಂದೀತೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.