ಫ್ರೀ ಬಸ್ ಬಿಟ್ಟು ಓಡಿದವಳು

ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾನು ಮಿಲಿಟರಿ ಆಫೀಸರ್ ಆಗುವುದೆಂದು ತೀರ್ಮಾನಿಸಿದೆ. ದಾರಿಯೂ ಬಾಯಿಪಾಠವಾಗಿತ್ತು. ರಾಯಚೂರಿನ ಕಾಲೇಜಿನಲ್ಲಿ ಡಿಗ್ರಿ, ಅಲ್ಲೇ ಎನ್‌ಸಿಸಿ, ಅದರ ‘ಸಿ’ ಸರ್ಟಿಫಿಕೇಟ್, ಆಮೇಲೆ ಇಂಟರ್‌ವ್ಯೂ. ಎನ್‌ಸಿಸಿಗೆ ಸೇರಿಸಿಕೊಳ್ಳುವ ಮೊದಲು ಮೈದಾನದಲ್ಲಿ ಓಡಿಸಿ ನೋಡುತ್ತಾರಂತೆ. ನಾನೋ, ನಲ್ಲಿಯಲ್ಲಿ ನೀರು ಬಂತೆಂದು ಕೂಗಿದರೂ ನಡೆದೇ ಹೋಗುವವಳು.

ಅಪ್ಪ ದೇವದುರ್ಗದಲ್ಲಿ ಶಾಲಾ ಮಾಸ್ತರ. ಮಗಳು ಊರಲ್ಲೇ ಡಿಗ್ರಿ ಓದಿ ಬಿ.ಎಡ್. ಮಾಡುತ್ತಾಳೆಂದು ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದ. "ಓಡ್ತೀಯಾ, ಓಡು. ಆದ್ರ ಜನರ ಬಾಯಿಗೆ ಬಿದ್ದಿ ಅಂದ್ರ ರಾಯಚೂರು ಮರತುಬಿಡು," ಅಂದ.

ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ರಾಯಚೂರು ರಸ್ತೆ ಹಿಡಿದೆ. ನಮ್ಮ ಕಡೆ ಓಡುವವರನ್ನು ಸುಮ್ಮನೆ ಓಡಲು ಬಿಡುವುದಿಲ್ಲ. ಹಾಲಿನವನು ಗಾಡಿ ನಿಲ್ಲಿಸಿ, "ಯಾರಿಗೇನಾತವ್ವಾ?" ಎಂದ. ಆಟೋದವನು "ಜಾಗ ಅದ, ಕುಂದ್ರು ಬಾ" ಎಂದ. ಒಂದು ದಿನ ಬಸ್ಸೇ ನಿಂತಿತು.

"ಹತ್ತವ್ವಾ, ಹೆಣ್ಮಕ್ಕಳಿಗೆ ಫ್ರೀ ಅದ," ಎಂದ ಕಂಡಕ್ಟರ್.

"ಬ್ಯಾಡ್ರೀ, ನಾ ಓಡಾಕತ್ತೀನಿ."

ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಹಾಕಿದಳು. "ಫ್ರೀ ಬಸ್ ಬಿಟ್ಟು ಓಡಾಕತ್ತಾಳಂದ್ರ ಮನ್ಯಾಗ ಏನೋ ಆಗ್ಯಾದ. ಗಂಡ ಬಡದಾನೇನವ್ವಾ?"

"ನಂದು ಲಗ್ನಾನ ಆಗಿಲ್ಲಬೇ."

"ಹಂಗಾದ್ರ ಒಲ್ಲದ ಲಗ್ನ ಮಾಡಾಕತ್ತಾರ."

ಇಡೀ ಬಸ್ಸು ಇಲ್ಲದ ಲಗ್ನವನ್ನು ಮುರಿಯಲು ಸಜ್ಜಾಯಿತು. ನನಗೆ ಉರಿದುಹೋಯಿತು. ಮಧ್ಯಾಹ್ನದೊಳಗೆ ಮಾನ್ವಿಯಿಂದ ಸೋದರತ್ತೆಯ ಫೋನು: "ಹುಡುಗಿ ಮನಿ ಬಿಟ್ಟು ಓಡಿಹೋದಳಂತಲ್ಲ?" ಫೋನು ಎತ್ತಿದವಳು ನಾನೇ.

ಸಂಜೆ ಅಪ್ಪನಿಗೂ ಸುದ್ದಿ ಮುಟ್ಟಿತು. ಅವನು, "ನಾಳಿ ನಾನೂ ಬರ್ತೀನಿ. ಅಪ್ಪನ ಜೋಡಿ ಇದ್ರ ಯಾರು ಏನಂತಾರ? ಇನ್ನೊಮ್ಮೆ ಮಾತು ಬಂತಂದ್ರ ಮಾತ್ರ ಬಿ.ಎಡ್.," ಎಂದ.

ಮರುದಿನ ಗುರುತು ಸಿಗಬಾರದೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಬೈಕಿನಲ್ಲಿ ಹಿಂದೆ ಬಂದ. ನಾನು ನಿಧಾನ ಮಾಡಿದರೆ ಹಾರ್ನ್ ಹೊಡೆಯುತ್ತಿದ್ದ. ಅದೇ ಬಸ್ಸು ಬಂತು. ಮುಂದೆ ಓಡುವ ಹುಡುಗಿ, ಹಿಂದೆ ಮುಸುಕಿನ ಗಂಡಸು. ಬಸ್ಸು ಅಡ್ಡ ನಿಂತಿತು. ಹೆಂಗಸರು ದುಡುದುಡು ಇಳಿದರು. ಅಜ್ಜಿ ಬೈಕಿನ ಹ್ಯಾಂಡಲ್ಲನ್ನೇ ಹಿಡಿದಳು.

"ಇಳೀಲೇ ಭಾಡ್ಯಾ. ಹುಡುಗಿ ಬೆನ್ನ ಹತ್ತಿಯಲ್ಲ, ನಾಚಿಕಿ ಬರಂಗಿಲ್ಲೇನು?"

ಅವ ನಮ್ಮಪ್ಪ ಎನ್ನಲು ಹೋದೆ. ಏದುಸಿರಿನಲ್ಲಿ ಬರೀ "ಅ... ಅ..." ಎಂದು ಹೊರಟಿತು.

"ಪಾಪ, ಹೆದರಿ ಮಾತೇ ಬರವಲ್ದು ನೋಡ್ರಿ," ಎಂದಳೊಬ್ಬಳು. ಇನ್ನೊಬ್ಬಳು ಟವೆಲ್ ಜಗ್ಗಿದಳು.

ಕಂಡಕ್ಟರ್ ಅಪ್ಪನ ಹಳೆಯ ವಿದ್ಯಾರ್ಥಿ. "ಸರ್, ನೀವಾ?" ಎಂದು ಬೆವೆತುಹೋದ.

ಅಜ್ಜಿ ಮಾತ್ರ ಹ್ಯಾಂಡಲ್ ಬಿಡಲಿಲ್ಲ. "ಸರ್ ಆದ್ರ ಆಗ್ಲಿ. ಈಕಿ ಯಾಕ ಓಡಾಕತ್ತಾಳ, ಅದನ್ನ ಹೇಳು."

ಮುಗಿಯಿತು, ಬಿ.ಎಡ್. ಗಟ್ಟಿಯಾಯಿತು ಎಂದುಕೊಂಡೆ. ಮೈ ಇಳಿಸಲು ಡಾಕ್ಟರು ಹೇಳಿದ್ದಾರೆ ಎಂದಿದ್ದರೂ ಅಪ್ಪ ಪಾರಾಗುತ್ತಿದ್ದ. ನಾನು ದಪ್ಪಗೇ ಇದ್ದೆ, ಎಲ್ಲರೂ ನಂಬುತ್ತಿದ್ದರು. ಅವನು ಕೆದರಿದ ಕೂದಲು ಸರಿಮಾಡಿಕೊಂಡು ನನ್ನತ್ತ ನೋಡಿದ.

"ಈಕಿ ನನ್ನ ಮಗಳು ರೀ. ಮಿಲಿಟ್ರಿ ಆಫೀಸರ್ ಆಗೋಕಿ. ರಾಯಚೂರಾಗ ಕಾಲೇಜಿಗೆ ಹಚ್ಚಾಕತ್ತೀನಿ."

ಅವ್ವನ ಮುಂದೆಯೂ ಆಡದಿದ್ದ ಮಾತನ್ನು ಬಸ್ಸು ತುಂಬ ಜನರ ಮುಂದೆ ಆಡಿದ್ದ. ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳುತ್ತ ಅಲ್ಲೇ ನಿಂತೆ.

"ಏನ್ ನೋಡ್ತೀ?" ಎಂದ ಅಪ್ಪ. "ಓಡು."