ಐದು ಅಕ್ಷದ ಯಂತ್ರ ಮತ್ತು ನನ್ನ ಹೆಬ್ಬೆರಳಿನ ಉಗುರು

ಯಂತ್ರವೊಂದನ್ನು ನೋಡಿ ಮನಸೋಲುವ ವಯಸ್ಸು ನನ್ನದಲ್ಲ. ಆದರೂ ಸೋತೆ, ಅದೂ ಫೋನಿನಲ್ಲಿ ನೋಡಿ. ಸ್ಟೀಲಿನ ಗಟ್ಟಿಯೊಂದನ್ನು ಹಿಡಿದು, ವಾಲಿಸಿ, ಓರೆ ಮಾಡಿ, ಗಿರ್ರನೆ ತಿರುಗಿಸಿ, ಒಂದು ಸಲವೂ ಕೆಳಗಿಡದೆ ಕೆತ್ತಿ ಮುಗಿಸುವ ಆ ವೀಡಿಯೋವನ್ನು ಒಂದು ವಾರದಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎರಡು ದಿನ ಸಾರು ತಳ ಹಿಡಿಯಿತು. “ಮದುವೆಗೆ ಮೊದಲು ನನ್ನ ಫೋಟೋವನ್ನೂ ನೀನು ಇಷ್ಟು ಸಲ ನೋಡಿರ್ಲಿಕ್ಕಿಲ್ಲ” ಎಂದರು ಮನೆಯವರು. ನೋಡಿರಲಿಲ್ಲ, ನಿಜ.

ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗೆ ನಮ್ಮದೊಂದು ವರ್ಕ್‌ಶಾಪ್. ಮಾವ ಕಟ್ಟಿದ್ದು. ಮನೆಯವರಿಗೆ ಗ್ರೀಸು ಕಂಡರಾಗದು, ಅವರು ಕಾಲೇಜಿನ ಆಫೀಸು ಸೇರಿಕೊಂಡರು. ಶಾಪನ್ನು ನಡೆಸುವವರು ನಾನು ಮತ್ತು ಮೈದುನ. ಹಾಲಿನ ಡೇರಿಗಳ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಎಂಬ ಚಕ್ರ ನಮ್ಮ ಮುಖ್ಯ ಕೆಲಸ. ಅಂಗೈಯಗಲದ್ದು, ಸುತ್ತಲೂ ಬಾಗಿದ ಎಸಳುಗಳು. ನಮ್ಮ ಹಳೆಯ ಯಂತ್ರದಲ್ಲಿ ಒಂದೊಂದು ಎಸಳಿಗೂ ಗಟ್ಟಿಯನ್ನು ಬಿಚ್ಚಿ, ಓರೆ ಮಾಡಿ, ಮತ್ತೆ ಬಿಗಿಯಬೇಕು. ಬಿಚ್ಚಿ ಬಿಗಿದಲ್ಲೆಲ್ಲ ಒಂದು ಗೆರೆ ಉಳಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಗೆರೆ ಹಾಲಿಗೆ ಸಿಗುತ್ತದೆ. ಹಾಲು ಅಲ್ಲಿ ಕೂತು ಹುಳಿಯಾಗುತ್ತದೆ. ಹಾಗಾಗಿ ಅದನ್ನು ಉಜ್ಜಿ ಉಜ್ಜಿ ತೆಗೆಯಬೇಕು, ಹೋಯಿತೋ ಇಲ್ಲವೋ ಎಂದು ಹೆಬ್ಬೆರಳಿನ ಉಗುರು ಎಳೆದು ನೋಡಬೇಕು. ಆ ಕೆಲಸ ನನ್ನದು. ಉಗುರಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಉಂಟು.

ಇಷ್ಟರಲ್ಲಿ ಪಂಪಿನ ಕಂಪೆನಿಯವರು ಖಡಾಖಂಡಿತ ಹೇಳಿಬಿಟ್ಟರು: ಉಜ್ಜಿದ್ದು ಬೇಡ, ಗೆರೆಯಿಲ್ಲದೆ ಕೆತ್ತಿದ್ದೇ ಬೇಕು, ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ. ಆ ಕೆಲಸ ಹೋದರೆ ನಮಗೆ ಉಳಿಯುವುದು ತೋಟದ ಪಂಪುಗಳ ಬುಷ್ ಬದಲಿಸುವ ರಿಪೇರಿ ಮಾತ್ರ. ಗೆರೆಯಿಲ್ಲದೆ ಕೆತ್ತುವುದು ನನ್ನ ಫೋನಿನ ಯಂತ್ರಕ್ಕೆ ಚಿಟಿಕೆ ಹೊಡೆದ ಹಾಗೆ. ಮೈದುನನಿಗೆ ಮಾತ್ರ ಅದರ ಮೇಲೆ ನಂಬಿಕೆಯೇ ಇಲ್ಲ.

“ಯಂತ್ರ ಮಾರುವವರು ತೋರಿಸುವ ಪೀಸು ನಂಗೆ ಬೇಡ ಅತ್ತಿಗೆ. ಗೋಣಿಯ ಬಾಯಲ್ಲಿ ಒಳ್ಳೆ ಅಡಿಕೆ ಇಡ್ಲಿಕ್ಕೆ ಯಾರಿಗೆ ಗೊತ್ತಿಲ್ಲ? ಅಡಿಗೆ ಕೈ ಹಾಕಿ ನೋಡ್ಬೇಕು. ನಮ್ಮ ಸ್ಟೀಲು, ನಮ್ಮ ಡ್ರಾಯಿಂಗು. ಎರಡು ಗಟ್ಟಿ ಕೊಂಡುಹೋಗುವ. ಒಂದರಲ್ಲಿ ಕಣ್ಣಿಗೆ ಮಣ್ಣೆರಚಿದ್ರೆ ಇನ್ನೊಂದರಲ್ಲಿ ಸಿಕ್ಕಿಬೀಳ್ತಾರೆ.” ಕೊನೆಗೆ ಹೇಳಿದ: “ನಿಮ್ಮ ಉಗುರು ಹೂಂ ಅಂದ್ರೆ ನಾನೂ ಹೂಂ. ಇಲ್ಲಾಂದ್ರೆ ಆ ಮಾತು ಮತ್ತೆ ಎತ್ತಬಾರದು.”

ನಾನು ಕುಣಿದುಕೊಂಡು ಒಪ್ಪಿದೆ.

ಮಾರುವವರು ಆ ಯಂತ್ರವನ್ನು ಗಿರಾಕಿಗಳಿಗೆ ತೋರಿಸಲೆಂದು ಸುಳ್ಯದ ಹೊರಗಿನ ಒಂದು ಹೊಸ ಶೆಡ್ಡಿಗೆ ಒಂದು ತಿಂಗಳ ಮಟ್ಟಿಗೆ ತಂದಿಟ್ಟಿದ್ದರು. ಒಂಬತ್ತೂವರೆಗೆ ಬನ್ನಿ ಎಂದಿದ್ದರು. ನಮ್ಮ ಕಡೆಯಲ್ಲಿ ಮುಖ್ಯವಾದ ಕೆಲಸಕ್ಕೆ ಹೇಳಿದ ಹೊತ್ತಿಗೆ ಹೋಗುವುದು ಉದಾಸೀನದ ಲಕ್ಷಣ. ಬೆಳಗಿನ ಬಸ್ಸು ಹತ್ತಿದೆವು. ಬಟ್ಟೆಯ ಚೀಲದಲ್ಲಿ ಎರಡು ಸ್ಟೀಲಿನ ಗಟ್ಟಿ ನನ್ನ ಮಡಿಲಲ್ಲಿ. ತಿರುವು ಬಂದಾಗಲೆಲ್ಲ ಅವು ಪಕ್ಕದವರ ತೊಡೆಗೆ ಗುದ್ದುತ್ತಿದ್ದವು. “ಎಂತ ಅಕ್ಕ, ಕಲ್ಲು ಹೊತ್ತುಕೊಂಡು ಹೋಗುದಾ?” ಎಂದು ಕೇಳಿದ ಕಂಡಕ್ಟರನಿಗೆ ನಾನು ಹಲ್ಲು ಬಿಟ್ಟು ನಕ್ಕೆ. ಆ ಹೊತ್ತಿಗೆ ಯಾರು ಏನು ಕೇಳಿದ್ದರೂ ನಗುತ್ತಿದ್ದೆ.

ಎಂಟು ಗಂಟೆಗೆ ಶೆಡ್ಡಿನ ಬಾಗಿಲಲ್ಲಿದ್ದೆವು. ಬೀಗ ತೆಗೆಯಲು ಬಂದ ಇಂಜಿನಿಯರ್ ಹುಡುಗಿ ನಮ್ಮನ್ನು ಕಂಡು ಗಾಬರಿಯಾದಳು. ಅಲ್ಲೇ ಹತ್ತಿರದ ಮಂಡೆಕೋಲು ಊರಿನವಳಂತೆ. ಗಡಿಬಿಡಿಯಲ್ಲೂ ನೀರು ಬೆಲ್ಲ ತಂದಿಟ್ಟು, “ಇರಿ ಅಕ್ಕ, ಈಗ ಶುರು ಮಾಡ್ತೇನೆ” ಎಂದು ಯಂತ್ರದ ಕಡೆಗೆ ಓಡಿದಳು. ಮೈದುನ ಅದಕ್ಕೆ ಮೂರು ಸುತ್ತು ಬಂದ. ಬಗ್ಗಿ ಅಡಿಭಾಗ ನೋಡಿದ, ಎಣ್ಣೆಯನ್ನು ಮೂಸಿದ. ಹೆಣ್ಣು ನೋಡಲು ಹೋದ ಮನೆಯಲ್ಲಿ ಬಾವಿಯ ನೀರು ಎಷ್ಟು ಆಳ ಎಂದು ಇಣುಕುವ ಸೋದರಮಾವನ ಹಾಗೆ. ನನಗೆ ನಗು ತಡೆಯಲಾಗಲಿಲ್ಲ.

ಹುಡುಗಿ ನಮ್ಮ ಗಟ್ಟಿಯನ್ನು ಬಿಗಿದು ಬಾಗಿಲು ಸರಿಸಿದಳು. ನಾನು ಗಾಜಿಗೆ ಮೂಗು ಒತ್ತಿ ನಿಂತೆ. ಮೊದಲು ಉಳಿಯನ್ನು ತಂಪಾಗಿಡುವ ಬಿಳಿಯ ಕೂಲೆಂಟು ಚಿಮ್ಮಿತು. ಆಮೇಲೆ ಶಬ್ದ ಏರಿತು. ನಮ್ಮ ಶಾಪಿನ ಗರಗರ ಅಲ್ಲ, ಒಂದೇ ಎಳೆಯ ಸಣ್ಣ ಶಬ್ದ. ಉಳಿ ಮೂರು ದಿಕ್ಕಿನಲ್ಲಿ ಓಡುತ್ತಿರುವಾಗಲೇ ಕೆಳಗಿನ ಮೇಜು ವಾಲುತ್ತದೆ, ವಾಲಿಕೊಂಡೇ ತಿರುಗುತ್ತದೆ! ಯಕ್ಷಗಾನದ ಪುಂಡುವೇಷ ಹಾರಿ ಗಿರ್ರನೆ ತಿರುಗಿ ಧೀಂಗಿಣ ತೆಗೆಯುವುದನ್ನು ಮೊದಲ ಸಲ ನೋಡಿದ ದಿನ ನನಗೆ ಹೀಗೆಯೇ ಆಗಿತ್ತು. ಒಂದು ಎಸಳು ಎದ್ದಿತು, ಎರಡನೆಯದು ಎದ್ದಿತು. ಒಂದು ಸಲವೂ ಬಿಚ್ಚಲಿಲ್ಲ, ಬಿಗಿಯಲಿಲ್ಲ. “ನೋಡು ಮಾರಾಯ, ನೋಡು!” ಎಂದು ಮೈದುನನ ಭುಜಕ್ಕೆ ಎಷ್ಟು ಗುದ್ದಿದೆನೆಂದರೆ ಅವನು ನನ್ನ ಪಕ್ಕದಿಂದ ಸರಿದು ನಿಂತ.

ಪೀಸು ಹೊರಗೆ ಬಂತು. ಹುಡುಗಿ ಅದನ್ನು ಅಳೆದು, ಕಾಗದದಲ್ಲಿ ಒಂದೊಂದೇ ಸಾಲಿಗೆ ಸರಿ ಹಾಕುತ್ತಾ ಹೋದಳು. ಎಲ್ಲವೂ ಸರಿ. ಹಿಗ್ಗಿನಲ್ಲಿ ನಾನು, ಶಾಪಿನಲ್ಲಿ ಈ ಯಂತ್ರಕ್ಕೆ ಮಾಲೆ ಹಾಕುವುದೊಂದೇ ಬಾಕಿ ಎನ್ನುವಷ್ಟು ಮುಂದೆ ಹೋಗಿಬಿಟ್ಟಿದ್ದೆ.

“ಅತ್ತಿಗೆ, ಉಗುರು ಎಂತ ಹೇಳ್ತದೆ?” ಎಂದ ಮೈದುನ.

ಎಳೆದೆ. ಎಸಳಿನ ಬುಡದಲ್ಲಿ ಉಗುರು ತಡೆಯಿತು. ಕೂದಲೆಳೆಗಿಂತಲೂ ಸಣ್ಣದು, ಆದರೆ ಗೆರೆಯೇ. ಇನ್ನೊಂದು ಎಸಳಿಗೆ ಎಳೆದೆ. ಅಲ್ಲೂ ಇತ್ತು.

ನಾನು ತಕ್ಷಣ ಹೇಳಲಿಲ್ಲ. ಅದನ್ನು ಈಗಲೂ ಒಪ್ಪಿಕೊಳ್ಳಬೇಕು. ಕಾಗದದಲ್ಲಿ ಎಲ್ಲವೂ ಸರಿ ಇತ್ತು, ಹೂಂ ಎಂಬ ಒಂದಕ್ಷರ ಸಾಕಿತ್ತು. ಯಂತ್ರ ಬೇಕು ಎಂಬ ಆಸೆಯೂ ಬಿಡಲಿಲ್ಲ. ಪೀಸನ್ನು ಸೆರಗಿನಲ್ಲಿ ಒರೆಸಿದೆ, ಮತ್ತೆ ಎಳೆದೆ, ಮತ್ತೆ ಒರೆಸಿದೆ. ಇಷ್ಟು ವರ್ಷ ಶಾಪಿನಲ್ಲಿ ಎಷ್ಟು ಜನರ ಕೆಲಸವನ್ನು ಈ ಉಗುರಿನಿಂದ ವಾಪಸ್ ಕಳಿಸಿದ್ದೇನೋ! ಕೊನೆಗೆ ನನ್ನ ಮೇಲೆಯೇ ಸಿಟ್ಟು ಬಂತು.

“ಗೆರೆ ಉಂಟು” ಎಂದೆ. ದನಿ ಜೋರಾಯಿತು. “ಬುಡದಲ್ಲಿ. ಎಲ್ಲಾ ಎಸಳಲ್ಲೂ ಉಂಟು.”

ಮೈದುನ ಹೊರಡಲು ತಯಾರಾದ. ಚೀಲವನ್ನು ಕೈಗೆತ್ತಿಕೊಂಡ. ಹುಡುಗಿ ಮಾತ್ರ ನನ್ನ ಕೈಯಿಂದ ಪೀಸನ್ನು ತೆಗೆದುಕೊಂಡು ತನ್ನ ಉಗುರು ಎಳೆದಳು. ಮುಖ ಸಣ್ಣದಾಯಿತು. ಎರಡನೆಯ ಸಲ ಎಳೆದವಳು ಹಣೆ ಚಚ್ಚಿಕೊಂಡಳು.

“ಅಯ್ಯೋ ಅಕ್ಕ, ತಪ್ಪು ನಂದೇ! ಬೆಳಿಗ್ಗೆ ಅದನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಬಿಸಿ ಮಾಡ್ಬೇಕಿತ್ತು. ನೀವು ಬಂದು ನಿಂತಿದ್ರಿ ಅಂತ ಸೀದಾ ಕೆಲಸಕ್ಕೇ ಹಾಕಿದೆ. ಉಳಿ ಹಿಡಿಯುವ ದಂಡ ತಣ್ಣಗಿದ್ದದ್ದು ಓಡಿ ಓಡಿ ಬಿಸಿಯಾಗಿ ಉದ್ದ ಆಯ್ತು. ಮೊದಲು ಎಸಳು ಕೆತ್ತಿದ ಉಳಿಗೂ ಕೊನೆಗೆ ಬುಡ ಕೆತ್ತಿದ ಉಳಿಗೂ ಮಟ್ಟ ಸೇರ್ಲಿಲ್ಲ, ಅದೇ ಈ ಗೆರೆ.”

ನಾನೂ ಮೈದುನನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮುದಿ ಲೇತನ್ನು ಕೂಡ ಬೆಳಿಗ್ಗೆ ಒಂದು ಲೋಟ ಚಾ ಕುಡಿದು ಮುಗಿಸುವವರೆಗೆ ಖಾಲಿ ಓಡಿಸುವವರು ನಾವು. ಒಂದೂವರೆ ಗಂಟೆ ಮೊದಲೇ ಹೋಗಿ ಬಾಗಿಲಲ್ಲಿ ನಿಂತು, ಇಷ್ಟು ದೊಡ್ಡ ಯಂತ್ರಕ್ಕೆ ಒಂದು ಚಾದಷ್ಟು ಹೊತ್ತೂ ಕೊಟ್ಟಿರಲಿಲ್ಲ. ಮೊದಲು ನಕ್ಕವನು ಮೈದುನ. ಮೂವರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಚೀಲದಿಂದ ಎರಡನೆಯ ಗಟ್ಟಿ ತೆಗೆದು ಮೇಜಿನ ಮೇಲಿಟ್ಟು ಅವನು ಹೇಳಿದ: “ಹಾಗಾದ್ರೆ ಅದು ಸರಿಯಾಗಿ ಬಿಸಿ ಆಗ್ಲಿ. ನಾವು ಚಾ ಕುಡಿಯುವ.”

ಎರಡನೆಯ ಪೀಸು ಬಂದಾಗ ಮಧ್ಯಾಹ್ನವಾಗಿತ್ತು. ಹುಡುಗಿ ಅಳೆಯಲೂ ಇಲ್ಲ, ನೇರ ನನ್ನ ಅಂಗೈಯಲ್ಲಿಟ್ಟಳು. ಎಳೆದೆ. ಬುಡದಿಂದ ತುದಿಯವರೆಗೆ ಉಗುರು ಜಾರಿಕೊಂಡೇ ಹೋಯಿತು. ಎಲ್ಲ ಎಸಳುಗಳಿಗೂ ಎಳೆದೆ, ಎಲ್ಲೂ ತಡೆಯಲಿಲ್ಲ. ಕಿರುಚಬೇಕೆನಿಸಿತು. ಆದರೆ ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಉಳಿದಿರಲಿಲ್ಲ. ಬೇಕು ಬೇಕು ಎಂದು ಹಟ ಹಿಡಿದವಳ ಉಗುರು ಇದು.

“ನೀನೇ ನೋಡು” ಎಂದು ಮೈದುನನಿಗೆ ಕೊಟ್ಟೆ. “ನಾನು ಹೇಳುದಿಲ್ಲ.”

ಅವನು ಕಣ್ಣು ಮುಚ್ಚಿ ಒಂದೊಂದೇ ಎಸಳಿಗೆ ತನ್ನ ಉಗುರು ಎಳೆದು ನೋಡಿದ. ಎಷ್ಟು ನಿಧಾನ! ನಾನೂ ಹುಡುಗಿಯೂ ಯಾವಾಗ ಕೈ ಹಿಡಿದುಕೊಂಡೆವೋ ಗೊತ್ತಿಲ್ಲ. ಕೊನೆಯ ಎಸಳು ಮುಗಿದ ಮೇಲೂ ಅವನು ಹೂಂ ಎನ್ನಲಿಲ್ಲ. ಪೀಸನ್ನು ಕೆಳಗಿಟ್ಟು, ಯಂತ್ರದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹೆಜ್ಜೆ ಹಾಕಿ ಅಳೆದ. ಹಿಂದಕ್ಕೆ ಹೋಗಿ ಅಲ್ಲಿಯೂ ಅಳೆದ. ನಾನು ಅವನ ಹಿಂದೆಯೇ ಹೋದೆ.

“ನಮ್ಮ ಶಾಪಿನ ಬಾಗಿಲಲ್ಲಿ ಇದು ಒಳಗೆ ಹೋಗ್ಲಿಕ್ಕಿಲ್ಲ ಅತ್ತಿಗೆ” ಎಂದ. “ಗೋಡೆ ಒಡೀಬೇಕು.”